ಡಾಕ್ಟ್ರ ವಾಲಗ

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಪತ್ರಿಕೆಯ ಒಳಪುಟದ ಒಂದು ಮೂಲೆಯಿಂದ. ಚೌಕದೊಳಗೆ ಅವರ ಭಾವಚಿತ್ರ. ಕೆಳಗೆ ‘ನಿವೃತ್ತ ಪಶುವೈದ್ಯಾಧಿಕಾರಿ, ಸಂಗೀತಪ್ರೇಮಿ’ ಎಂದು ಎರಡು ವಿಶೇಷಣ. ಮೊದಲನೆಯದಕ್ಕೆ ಅವರು ಮುಖ ಸಿಂಡರಿಸಿ ಸುಮ್ಮನಾಗುತ್ತಿದ್ದರೇನೋ. ಎರಡನೆಯದನ್ನು ಓದಿದ್ದರೆ ಮಲಗಿದ್ದಲ್ಲಿಂದ ಎದ್ದು ಕೂರುತ್ತಿದ್ದರು. “ಪ್ರೇಮಿಯಂತೆ! ಸಂಗೀತವನ್ನು ಊರಿನವರೆಲ್ಲ ಪ್ರೀತಿಸ್ತಾರೆ ಮಾರಾಯ್ರೆ. ಅದಕ್ಕೇ ಅದು ಹಾಳಾದದ್ದು” ಎಂದು ಅವರು ಒಮ್ಮೆಯಲ್ಲ, ನೂರು ಸಲ ನನ್ನೆದುರು ಹೇಳಿದ್ದುಂಟು.

ನಾನು ಅವರ ನೆರೆಮನೆಯಲ್ಲಿದ್ದದ್ದು ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ. ನಮ್ಮದೇ ಮಂತ್ರಿಗಳು, ನಮ್ಮದೇ ವಿಧಾನಸಭೆ. ರಾಜ್ಯ ಎಷ್ಟು ಚಿಕ್ಕದೆಂದರೆ, ಸಿಟ್ಟಿಗೆದ್ದ ಮೇಲಧಿಕಾರಿಗೂ ತನ್ನ ಕೈಕೆಳಗಿನವನನ್ನು ಒಂದು ಹಗಲಿನ ಬಸ್ ಪ್ರಯಾಣಕ್ಕಿಂತ ದೂರ ಎಸೆಯುವ ಉಪಾಯವಿರಲಿಲ್ಲ. ನಾನು ಕುಶಾಲನಗರದ ಕಡೆಯ ಬೇಸಾಯದ ಮನೆಯವನು. ಅಜ್ಜನ ಕಾಲಕ್ಕೆ ಹಾಸನದಿಂದ ಬಂದು ನೆಲೆಸಿದವರು ನಾವು. ಸಿದ್ದಾಪುರದ ಶಾಲೆಯಲ್ಲಿ ಮೇಷ್ಟ್ರು ಕೆಲಸ ಸಿಕ್ಕಿತ್ತು. ನಡುವೆ ಒಂದೇ ಗೋಡೆಯಿದ್ದ ಜೋಡಿ ಹೆಂಚಿನ ಮನೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದೆ. ಇನ್ನೊಂದರಲ್ಲಿ ಡಾಕ್ಟರು ಮತ್ತು ಅವರ ಹೆಂಡತಿ ಇದ್ದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಡಾಕ್ಟರನ್ನು ಊರು ‘ದನದ ಡಾಕ್ಟ್ರು’ ಎನ್ನುತ್ತಿತ್ತು, ಎಸ್ಟೇಟುಗಳಲ್ಲಿ ‘ನಾಯಿ ಡಾಕ್ಟ್ರು’ ಎನ್ನುತ್ತಿದ್ದರು. ಅವರು ಮಾತ್ರ ತಮ್ಮನ್ನು ‘ಕೇಳುಗ’ ಎಂದುಕೊಳ್ಳುತ್ತಿದ್ದರು.

ಅವರು ಕೇಳುತ್ತಿದ್ದದ್ದು ಜಾಜ್. ಅಮೆರಿಕದ ಕಪ್ಪು ಜನ ಕಟ್ಟಿ ಬೆಳೆಸಿದ ಸಂಗೀತ. ಅದರಲ್ಲೂ ಕ್ಯೂಬಾದ ಕಡೆಯ ತಮಟೆಗಳ ಜೊತೆ ಅದನ್ನು ಕಸಿ ಮಾಡಿದ ಒಂದು ಬಗೆಯೆಂದರೆ ಅವರಿಗೆ ಪ್ರಾಣ. ಸಿದ್ದಾಪುರದ ಜನ ಆ ಹೆಸರನ್ನು ಮೊದಲ ಸಲ ಕೇಳಿದಾಗ ಅದು ಜಾಜಿ ಎಂದುಕೊಂಡರು. ಡಾಕ್ಟ್ರಿಗೆ ಜಾಜಿ ಎಂದರೆ ಹುಚ್ಚಂತೆ ಎಂದು ಸುದ್ದಿಯಾಯಿತು. ಕಷ್ಟದ ಹೆರಿಗೆಯಲ್ಲಿ ಹಸುವನ್ನೂ ಕರುವನ್ನೂ ಉಳಿಸಿಕೊಟ್ಟದ್ದಕ್ಕೆ ಒಬ್ಬ ಹೆಂಗಸು ಬಾಳೆಲೆಯ ತುಂಬ ಜಾಜಿ ಹೂವು ತಂದು ಜಗಲಿಯ ಮೇಲಿಟ್ಟಳು. ಅವಳನ್ನು ನೋಡಿ ಇನ್ನಿಬ್ಬರು ತಂದರು. ಅಕ್ಕ ಅದನ್ನು ಕಟ್ಟಿ ಮುಡಿದು, “ಇವರ ಸಂಗೀತದಿಂದ ನನಗಾದ ಲಾಭ ಇದೊಂದೇ ಮೇಷ್ಟ್ರೇ” ಎಂದು ನಗುತ್ತಿದ್ದರು.

ಡಾಕ್ಟರ ತಂದೆ ಮಡಿಕೇರಿಯಾಚೆಯ ಒಂದು ದೇವಸ್ಥಾನದ ಅರ್ಚಕರು. ಉಗ್ರ ಮಡಿಯವರು. ಆ ಮಡಿಯನ್ನು ಧಿಕ್ಕರಿಸಿಯೇ ತಾವು ದನ, ನಾಯಿ, ಹಂದಿಗಳನ್ನು ಮುಟ್ಟುವ ವಿದ್ಯೆ ಕಲಿತದ್ದು ಎಂದು ಡಾಕ್ಟರು ಎದೆಯುಬ್ಬಿಸಿ ಹೇಳುತ್ತಿದ್ದರು. ಆದರೆ ಅವರ ಮನೆಯ ನಡುಕೋಣೆಯಲ್ಲಿ ಒಂದು ಹಲಸಿನ ಮರದ ಪೆಟ್ಟಿಗೆಯಿತ್ತು. ಅದರ ತುಂಬ ಗ್ರಾಮಫೋನ್ ತಟ್ಟೆಗಳು. ಅದನ್ನು ತೆರೆಯುವ ಮೊದಲು ಅವರು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದರು, ಒಗೆದ ಅಂಗಿ ಹಾಕಿಕೊಳ್ಳುತ್ತಿದ್ದರು, ದಾರಿಗೆ ಯಾರಾದರೂ ಅಡ್ಡ ಬಂದರೆ “ಸರಿ, ಸರಿ, ದೂರ” ಎನ್ನುತ್ತಿದ್ದರು. ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮಳೆಗಾಲದಲ್ಲಿ ತಟ್ಟೆಗಳಿಗೆ ಬೂಷ್ಟು ಹಿಡಿಯದಂತೆ ಕೆಂಡದ ಬೋಗುಣಿಯನ್ನು ಸರಿಯಾದ ಅಂತರದಲ್ಲಿಟ್ಟು ಕಾಯುತ್ತಿದ್ದರು.

“ಮಾವ ಸಾಲಿಗ್ರಾಮಕ್ಕೂ ಇಷ್ಟು ಮಡಿ ಮಾಡ್ತಿರಲಿಲ್ಲ” ಎಂದು ಅಕ್ಕ ಒಳಗಿನಿಂದ ಕೂಗುತ್ತಿದ್ದರು.

“ಸಾಲಿಗ್ರಾಮ ಕೆಳಗೆ ಬಿದ್ರೆ ಒಡೆಯುವುದಿಲ್ಲ” ಎಂದು ಇವರು ಇಲ್ಲಿಂದ ಉತ್ತರ ಕೊಡುತ್ತಿದ್ದರು.

ಹೆಸರುವಾಸಿಯಾದ ಯಾವುದನ್ನೂ ಅವರು ಕೇಳುತ್ತಿರಲಿಲ್ಲ. ಹತ್ತು ಜನ ತಲೆದೂಗಿದ ಹಾಡು ಅವರ ಪಾಲಿಗೆ ಎಂಜಲು. ರೇಡಿಯೋದಲ್ಲಿ ಬಂದದ್ದು ಮೈಲಿಗೆ. ಅಮೆರಿಕದಲ್ಲಿಯೇ ಅಮೆರಿಕದವರಿಗೆ ಗೊತ್ತಿಲ್ಲದ, ಒಂದೇ ಒಂದು ತಟ್ಟೆ ನುಡಿಸಿ ಅಂಗಡಿ ಮುಚ್ಚಿಕೊಂಡ ಮೇಳ ಸಿಕ್ಕಿದರೆ ಅವರ ಮುಖ ಪುತ್ತರಿ ಹಬ್ಬದ ಹುಣ್ಣಿಮೆ ಚಂದ್ರನಂತಾಗುತ್ತಿತ್ತು. ಮಡಿಕೇರಿಯ ಒಬ್ಬ ವಕೀಲರು ತಮ್ಮ ಹತ್ತಿರವೂ ಜಾಜ್ ತಟ್ಟೆಗಳಿವೆ ಎಂದು ಹೇಳಿಕಳಿಸಿದಾಗ ಡಾಕ್ಟರು ಬಸ್ಸು ಹಿಡಿದು ಹೋಗಿ ನೋಡಿಬಂದರು. ಅವರಲ್ಲಿದ್ದ ಒಂದು ತಟ್ಟೆ ಇವರ ಪೆಟ್ಟಿಗೆಯಲ್ಲೂ ಇತ್ತು. ಮಾರನೆಯ ದಿನವೇ ತಮ್ಮ ಪೆಟ್ಟಿಗೆಯದನ್ನು ತೆಗೆದು ನನಗೆ ಕೊಟ್ಟುಬಿಟ್ಟರು. ನನ್ನಲ್ಲಿ ಗ್ರಾಮಫೋನ್ ಇಲ್ಲವೆಂದೆ. “ಒಳ್ಳೇದೇ ಆಯ್ತು” ಎಂದರು.

ಭಾನುವಾರ ಬೆಳಿಗ್ಗೆ ಅವರ ಜಗಲಿಯಲ್ಲಿ ನನ್ನ ಹಾಜರಿ ಕಡ್ಡಾಯ. ಅಕ್ಕನ ಕಾಫಿಗಾಗಿ ಹೋಗುತ್ತಿದ್ದೆನೆಂದು ಮೊದಲೇ ಹೇಳಿಬಿಡುತ್ತೇನೆ. ಕೇಳುವುದಕ್ಕೆ ಅವರು ಕಟ್ಟಳೆಗಳನ್ನು ಮಾಡಿದ್ದರು. ಕಾಲು ಕುಣಿಸಬಾರದು, ತೊಡೆ ತಟ್ಟಬಾರದು, ‘ಆಹಾ’ ಎನ್ನಬಾರದು. ಹೊಸದರಲ್ಲಿ ನಾನು ಮರ್ಯಾದೆಗೆಂದು, “ಚೆನ್ನಾಗೈತೆ ಸಾರ್, ಇನ್ನೊಂದ್ಸಲ ಹಾಕಿ” ಎಂದೆ. ಡಾಕ್ಟರು ನೊಂದ ಮುಖದಿಂದ ತಟ್ಟೆ ತೆಗೆದು ಒಳಗಿಟ್ಟರು. ಒಬ್ಬ ಹಳ್ಳಿ ಮೇಷ್ಟ್ರಿಗೆ ಮೊದಲ ಸಲಕ್ಕೇ ಚೆನ್ನಾಗಿದೆ ಎನಿಸಿದರೆ ಅದರಲ್ಲಿ ಏನೋ ಕೊರತೆಯಿರಬೇಕು! ಅಲ್ಲಿಂದಾಚೆ ನಾನು, “ಒಂದೂ ತಿಳೀಲಿಲ್ಲ ಸಾರ್” ಎನ್ನಲು ಕಲಿತೆ. ಅವರು ಒಳಗೆ ತಿರುಗಿ, “ಮೇಷ್ಟ್ರಿಗೆ ಇನ್ನೊಂದು ಲೋಟ ಕಾಫಿ ಕೊಡು” ಎನ್ನುತ್ತಿದ್ದರು.

ಇಂಥ ತಟ್ಟೆಗಳು ಸಿದ್ದಾಪುರದ ಕಾಫಿ ತೋಟಗಳ ನಡುವೆ ಎಲ್ಲಿಂದ ಸಿಗುತ್ತಿದ್ದವು ಎಂದರೆ, ದೊರೆಗಳಿಂದ. ಸ್ವಾತಂತ್ರ್ಯ ಬಂದ ಮೇಲೆ ಬಿಳಿಯ ದೊರೆಗಳು ಒಬ್ಬೊಬ್ಬರಾಗಿ ಎಸ್ಟೇಟು ಮಾರಿ ಹಡಗು ಹತ್ತುತ್ತಿದ್ದರು. ಹೊರಡುವ ಮೊದಲು ನಾಯಿಗಳ ಏರ್ಪಾಡಿಗೆಂದು ಡಾಕ್ಟರನ್ನು ಕರೆಸುತ್ತಿದ್ದರು. ಡಾಕ್ಟರು ಬಂಗಲೆಯ ಮೆಟ್ಟಿಲು ಹತ್ತಿದವರೇ ನಾಯಿಯ ನಾಲಿಗೆ ನೋಡುವ ಮೊದಲು ತಟ್ಟೆಗಳ ಕಪಾಟು ನೋಡುತ್ತಿದ್ದರು. ದೊರೆಯೇನಾದರೂ ಧಾರಾಳವಾಗಿ, ಬೇಕಾದ್ದು ತೆಗೆದುಕೊಳ್ಳಿ ಎಂದರೆ ಇವರ ಪ್ರಶ್ನೆ ಒಂದೇ: “ಇದರಲ್ಲಿ ನೀವು ಕೇಳದೇ ಬಿಟ್ಟದ್ದು ಯಾವುದು?” ಕಸ ಕೇಳುವ ಅತಿಥಿಯನ್ನು ಕಂಡು ದೊರೆಗಳಿಗೆ ಸಂತೋಷವೋ ಸಂತೋಷ. ಕಪಾಟಿನ ತಳದ ಕಸವೆಲ್ಲ ಹೀಗೆ ನಮ್ಮ ಮನೆಯ ಗೋಡೆಯಾಚೆ ಬಂದು ಸಂಪತ್ತಾಯಿತು.

ಆ ಕಸದಲ್ಲಿಯೇ ಕ್ಯೂಬಾದ ರಾಜಧಾನಿ ಹವಾನಾದ ತಟ್ಟೆ ಬಂದದ್ದು. ಒಬ್ಬ ಮುದಿ ದೊರೆಗೆ ಹಡಗಿನಲ್ಲಿ ಕೆಲಸಕ್ಕಿದ್ದ ಅವನ ಸೋದರಳಿಯ ಎಂದೋ ಕಳಿಸಿದ್ದಂತೆ. ತಟ್ಟೆಯ ನಡುವೆ ಅಂಟಿಸಿದ್ದ ಹೆಸರಿನ ಕಾಗದವನ್ನು ಗೆದ್ದಲು ಚೆನ್ನಾಗಿ ಮೇದು ‘ಹವಾನಾ’ ಎಂಬ ಒಂದು ಪದವನ್ನು ಮಾತ್ರ ಬಿಟ್ಟಿತ್ತು. ನುಡಿಸಿದವರ ಹೆಸರಿಲ್ಲ, ಹಾಡಿನ ಹೆಸರಿಲ್ಲ, ಮಾಡಿದ ಕಂಪನಿಯ ಹೆಸರಿಲ್ಲ.

“ಯಾರದ್ದೂಂತ ನನಗೇ ಗೊತ್ತಿಲ್ಲ ಮೇಷ್ಟ್ರೇ! ಎಂದೆಂದಿಗೂ ಗೊತ್ತಾಗ್ಲಿಕ್ಕೂ ಇಲ್ಲ!” ಎಂದು ಅವರು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅವರ ಇಡೀ ಸಾಧನೆಯ ಶಿಖರ ಅದು.

ತಮಾಷೆಗೆ ಇಷ್ಟೆಲ್ಲ ಹೇಳಿದೆ. ಆದರೆ ಆ ತಟ್ಟೆ ತಿರುಗುವಾಗ ಅವರನ್ನು ನೋಡಬೇಕಿತ್ತು. ಮೊದಲು ಒಂದು ತಮಟೆ ಬರುತ್ತಿತ್ತು, ನಿಧಾನವಾಗಿ, ಯಾರೋ ಬಾಗಿಲು ತಟ್ಟಿದ ಹಾಗೆ. ಅದರ ಮೇಲೆ ಇನ್ನೊಂದು. ಆಮೇಲೆ ಕಹಳೆ. ಡಾಕ್ಟರು ಕಣ್ಣು ಮುಚ್ಚಿ, ನನ್ನ ಮಂಡಿ ಹಿಡಿದು, “ಈಗ ಕೇಳಿ, ಊದುವ ಮೊದಲು ಉಸಿರು ತಗೊಳ್ತಾನೆ” ಎನ್ನುತ್ತಿದ್ದರು. ನಿಜವಾಗಿ ಕೇಳುತ್ತಿತ್ತು. “ಸಮುದ್ರದಾಚೆ ಯಾವನೋ ಒಬ್ಬ ಉಸಿರು ತಗೊಂಡದ್ದು ಸಿದ್ದಾಪುರದಲ್ಲಿ ಕೇಳ್ತದೆ. ಅವ ಬದುಕಿದ್ದಾನೋ ಸತ್ತಿದ್ದಾನೋ. ಉಸಿರು ಮಾತ್ರ ಇಲ್ಲುಂಟು.” ಮೂರನೆಯ ಸುತ್ತಿನಲ್ಲಿ ಕಹಳೆಯವನು ಒಂದು ಗಳಿಗೆ ತಡವಾಗಿ ಬರುತ್ತಿದ್ದ. ಅದು ತಪ್ಪೋ, ಬೇಕೆಂದೇ ಮಾಡಿದ್ದೋ ಎಂಬ ವಿಚಾರದಲ್ಲಿ ನಮ್ಮ ಎಷ್ಟೋ ಭಾನುವಾರಗಳು ಕಳೆದವು. ಅಷ್ಟು ಹೊತ್ತೂ ಅವರ ಬಲಗಾಲಿನ ಹೆಬ್ಬೆರಳು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ನಾನು ನೋಡದ ಹಾಗೆ ಇರುತ್ತಿದ್ದೆ.

ಹೀಗಿರುವಾಗ ಮೇಜರರ ಮಗಳ ಮದುವೆ ಬಂತು. ಮೇಜರರೆಂದರೆ ಸೇನೆಯಿಂದ ನಿವೃತ್ತರಾಗಿ ಬಂದು ತೋಟ ನೋಡಿಕೊಳ್ಳುತ್ತಿದ್ದ ಕೊಡವರು. ಅವರ ಐದು ಬೇಟೆನಾಯಿಗಳಿಗೂ ನಮ್ಮ ಡಾಕ್ಟರೇ ಗತಿ. ಒಂದು ಬೆಳಿಗ್ಗೆ ಜೀಪು ನಿಲ್ಲಿಸಿ ಜಗಲಿಗೆ ಬಂದರು.

“ಎಂತ ಡಾಕ್ಟ್ರೇ, ನಿಮ್ಮತ್ರ ಡಾನ್ಸ್ ಮ್ಯೂಸಿಕ್ ಉಂಟಂತೆ? ರೆಜಿಮೆಂಟಿನವರು ಬರ್ತಾರೆ, ಒಂದಿಬ್ರು ದೊರೆಗಳೂ ಬರ್ತಾರೆ. ಮಧ್ಯಾಹ್ನ ಊಟಕ್ಕೆ ಮೊದ್ಲು ಒಂದು ಗಂಟೆ ನಿಮ್ಮ ಪ್ರೋಗ್ರಾಂ ಇಡುವ.”

“ಇದು ಡಾನ್ಸಿನದ್ದಲ್ಲ ಮೇಜರ್. ಕೂತು ಕೇಳುವಂಥದ್ದು.”

“ಕೂತು ಕೇಳ್ಲಿಕ್ಕೆ ನಮ್ಮವರು ಸತ್ತ ಮನೆಗೆ ಬರುವುದಾ? ಮದುವೆ ಡಾಕ್ಟ್ರೇ!”

ಡಾಕ್ಟರು ಒಪ್ಪುವುದಿಲ್ಲವೆಂದೇ ನಾನು ತಿಳಿದಿದ್ದೆ. ಒಪ್ಪಿದರು. ಅಷ್ಟು ಜನಕ್ಕೆ ಒಟ್ಟಿಗೇ ಅರ್ಥವಾಗದಿರುವುದನ್ನು ಕಣ್ಣಾರೆ ನೋಡುವ ಸುಖ ಅವರನ್ನು ಸೆಳೆದಿರಬೇಕು.

ಮದುವೆಯ ದಿನ ಬಂಗಲೆಯ ಅಂಗಳದಲ್ಲಿ ಚಪ್ಪರ. ಕಪ್ಪು ಕುಪ್ಯದ ನಿಲುವಂಗಿ ತೊಟ್ಟು ಸೊಂಟಕ್ಕೆ ಕೆಂಪು ಚೇಲೆ ಬಿಗಿದ ಗಂಡಸರು, ಹಿಂದಕ್ಕೆ ನೆರಿಗೆ ಹಿಡಿದು ಸೀರೆಯುಟ್ಟ ಹೆಂಗಸರು. ಮುಹೂರ್ತ ಮುಗಿದಿತ್ತು. ಬೆಳಗಿನಿಂದ ನುಡಿಸಿ ದಣಿದ ವಾಲಗದವರು ತಮ್ಮ ಊದುಕೊಳವೆ, ಡೋಲುಗಳನ್ನು ಬದಿಗಿಟ್ಟು ಹಲಸಿನ ಮರದಡಿ ಕೂತಿದ್ದರು. ವಾಲಗವೆಂದರೆ ನಮ್ಮ ಕಡೆಯ ಮದುವೆಯ ಜೀವ. ಅದಕ್ಕೆ ಕುಣಿಯದ ಕೊಡವ ಇನ್ನೂ ಹುಟ್ಟಿಲ್ಲ.

ಡಾಕ್ಟರು ಕೋಟು ತೊಟ್ಟು, ಕೈ ತೊಳೆದು, ಪರೀಕ್ಷೆ ನಡೆಸುವವರಂತೆ ಒಂದೊಂದೇ ತಟ್ಟೆ ಹಾಕಿದರು. ಮೊದಲನೆಯದಕ್ಕೆ ದೊರೆಗಳು ಗ್ಲಾಸು ಹಿಡಿದು ದೂರ ಸರಿದರು. ಎರಡನೆಯದಕ್ಕೆ ರೆಜಿಮೆಂಟು ಹಿಮ್ಮೆಟ್ಟಿತು. ಮೂರನೆಯದಕ್ಕೆ ಹೆಂಗಸರು ಹಂದಿ ಮಾಂಸದ ಪಂದಿಕರಿ ಬೆಂದಿತೇ ನೋಡಿಬರುತ್ತೇವೆಂದು ಎದ್ದರು. ಡಾಕ್ಟರ ಮುಖದಲ್ಲಿ ಎಂಥ ತೃಪ್ತಿ! ಉಳಿದಿದ್ದ ನಾಲ್ಕು ಮಂದಿಯನ್ನೂ ಓಡಿಸಿ ಗೆಲುವು ಪೂರ್ತಿ ಮಾಡಲೆಂದೋ ಏನೋ, ಕೊನೆಗೆ ಹವಾನಾದ ತಟ್ಟೆ ಇಟ್ಟರು.

ತಮಟೆ ಬಾಗಿಲು ತಟ್ಟಿತು. ಹಲಸಿನ ಮರದಡಿ ಒಬ್ಬ ತಲೆಯೆತ್ತಿದ. ಎರಡನೆಯ ತಮಟೆ ಬಂದಾಗ ಅವನು ಡೋಲನ್ನು ತೊಡೆಯ ಮೇಲೆ ಎಳೆದುಕೊಂಡ. ಕೋಲು ತಾನಾಗಿಯೇ ಡೋಲಿನ ಮೇಲೆ ಬಿತ್ತು. ಪಕ್ಕದವನು ಸೇರಿದ. ಕಹಳೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಮೇಳದ ಹಿರಿಯ ಊದುಕೊಳವೆ ಬಾಯಿಗಿಟ್ಟು ಅದೇ ರಾಗವನ್ನು ಎತ್ತಿಕೊಂಡ. ಆಮೇಲೆ ಗ್ರಾಮಫೋನಿನ ದನಿ ಯಾರಿಗೆ ಕೇಳಬೇಕು! ಅಡುಗೆಮನೆಗೆ ಹೋದ ಹೆಂಗಸರು ಸೌಟು ಹಿಡಿದೇ ಬಂದರು. ಮೇಜರರ ಮುದಿ ಅತ್ತೆ ಊರುಗೋಲು ಎಸೆದು ಕುಣಿದರು. ರೆಜಿಮೆಂಟು ಕುಣಿಯಿತು, ದೊರೆಗಳು ಕುಣಿದರು, ಮದುಮಗ ಕುಣಿದ.

“ನಿಲ್ಲಿಸಿ! ಇದು ಹಾಗಲ್ಲ! ನಿಲ್ಲಿಸಿ ಮಾರಾಯ್ರೆ!” ಎಂದು ಡಾಕ್ಟರು ಕೂಗುತ್ತಿದ್ದರು. ಹುರಿದುಂಬಿಸುತ್ತಿದ್ದಾರೆಂದು ತಿಳಿದು ಯಾರೋ ಅವರ ಕೈ ಹಿಡಿದು ನಡುವಿಗೆ ಎಳೆದರು. ಕುಣಿಯುವವರ ಸುಳಿಯಲ್ಲಿ ಅವರೊಬ್ಬರು ಕಂಬದಂತೆ ನಿಂತಿದ್ದರು. ಎಲ್ಲ ಮುಗಿದ ಮೇಲೆ ಮೇಜರರು ಬೆವರು ಒರೆಸಿಕೊಳ್ಳುತ್ತ ಬಂದು ಬೆನ್ನು ತಟ್ಟಿ, “ಎಂಥಾ ವಾಲಗ ಡಾಕ್ಟ್ರೇ! ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ?” ಎಂದರು. ಅದಕ್ಕಿಂತ ದೊಡ್ಡ ಬೈಗುಳವನ್ನು ಡಾಕ್ಟರು ಜನ್ಮದಲ್ಲಿ ಕೇಳಿರಲಿಲ್ಲ.

ಮುಂದಿನದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಅದೇ ಮೇಳ ಮುಂದಿನ ವಾರ ಇನ್ನೊಂದು ಮದುವೆಗೆ ಹೋಯಿತು. ಅಲ್ಲಿಂದ ಬೇರೆ ಮೇಳಗಳು ಕಲಿತವು. ಮಳೆಗಾಲ ಹಿಡಿಯುವುದರೊಳಗೆ ರಾಗ ಕೊಡಗಿನ ದಕ್ಷಿಣದ ಹುದಿಕೇರಿ ಮುಟ್ಟಿತ್ತು. ಮಲಬಾರ್ ಗಡಿಯ ಮಾಕುಟ್ಟದ ಗೇಟಿನ ಕಾವಲುಗಾರ ಲಾರಿ ಬಿಡುವಾಗ ಅದನ್ನೇ ಶಿಳ್ಳೆ ಹಾಕುತ್ತಾನೆಂದು ಡ್ರೈವರುಗಳು ಹೇಳಿದರು. ಅದಕ್ಕೊಂದು ಹೆಸರೂ ಆಯಿತು: ‘ಡಾಕ್ಟ್ರ ವಾಲಗ’. ಹೆಸರಿಲ್ಲದ್ದನ್ನು ಹೆಸರಿಲ್ಲದ್ದೆಂದೇ ಪೂಜಿಸಿದ ಮನುಷ್ಯನ ಹೆಸರನ್ನೇ ಜನ ಅದಕ್ಕೆ ಇಟ್ಟರು. ಪಶು ಆಸ್ಪತ್ರೆಯಲ್ಲಿ ದನದ ಹಗ್ಗ ಹಿಡಿದವರು ಅದನ್ನು ಗುನುಗಿದರು. ಎಸ್ಟೇಟಿನ ಕೂಲಿ ಲೈನುಗಳಲ್ಲಿದ್ದ ಕಾಫಿ ಹಣ್ಣು ಕೊಯ್ಯುವ ಹೆಂಗಸರು ಅದಕ್ಕೆ ತಮಿಳಿನಲ್ಲಿ ಪದ ಕಟ್ಟಿದರಂತೆ.

ಡಾಕ್ಟರು ಸೂತಕದವರಂತೆ ಪೆಟ್ಟಿಗೆ ಮುಚ್ಚಿಬಿಟ್ಟರು. ನನ್ನ ಭಾನುವಾರಗಳು ಕಾಫಿಯಿಲ್ಲದೆ ಕಳೆದವು. ಒಂದು ದಿನ ಮೇಳದ ಹಿರಿಯ ತನ್ನ ಕರುವಿಗೆ ಹೊಟ್ಟೆ ಉಬ್ಬರವೆಂದು ಆಸ್ಪತ್ರೆಗೆ ಬಂದ. ಡಾಕ್ಟರು ಕರುವಿಗೆ ಔಷಧಿ ಕುಡಿಸಿ, ಅವನನ್ನು ಬೆಂಚಿನ ಮೇಲೆ ಕೂರಿಸಿ, ಮೇಜಿನ ಮೇಲೆ ಬೆರಳಿನಿಂದ ಬಾರಿಸಿ ತೋರಿಸಿದರು.

“ಮೂರನೇ ಸುತ್ತಲ್ಲಿ ಅವ ತಡವಾಗಿ ಬರ್ತಾನೆ. ನೀವು ಸರಿಯಾಗಿ ಬಂದು ಹಾಳು ಮಾಡಿದ್ದೀರಿ.”

“ತಡವಾಗಿ ಬಂದ್ರೆ ಕುಣಿಯೋರು ಎಡವ್ತಾರಲ್ಲ ಡಾಕ್ಟ್ರೇ” ಎಂದ ಅವನು, ಪಾಪ, ತುಂಬ ಮರ್ಯಾದೆಯಿಂದ.

“ಎಡವಲಿ!”

“ಮದುವೆ ಮನೆಯೋರು ನಮ್ಮನ್ನ ಹೊಡೀತಾರೆ” ಎಂದು ನಕ್ಕು ಕರು ಹೊಡೆದುಕೊಂಡು ಹೋದ.

ಅಷ್ಟರಲ್ಲಿ ಕೊಡಗು ಮೈಸೂರಿಗೆ ಸೇರಿತು. ನಮ್ಮ ಪುಟ್ಟ ರಾಜ್ಯ ಒಂದು ಜಿಲ್ಲೆಯಾಯಿತು. ಮೇಲಧಿಕಾರಿಗಳ ಕೈಗೆ ಉದ್ದನೆಯ ನಕ್ಷೆ ಸಿಕ್ಕಿತು. ಡಾಕ್ಟರಿಗೆ ಚಿತ್ರದುರ್ಗದಾಚೆಗೆ ವರ್ಗವಾಯಿತು. ಸಾಮಾನು ಕಟ್ಟುವ ದಿನ ನಾನೂ ಕೈಜೋಡಿಸಲು ಹೋದೆ. ಪೆಟ್ಟಿಗೆಯ ಹತ್ತಿರ ಮಾತ್ರ ಯಾರನ್ನೂ ಬಿಡಲಿಲ್ಲ. ಒಂದೊಂದೇ ತಟ್ಟೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ತಾವೇ ಇಳಿಸುತ್ತಿದ್ದರು. ಕೈಗೆ ಸೋಪಿನ ನೀರು ಇನ್ನೂ ಆರಿರಲಿಲ್ಲವೋ ಏನೋ. ಒಂದು ಸದ್ದಾಯಿತು; ಒಣ ಹಪ್ಪಳ ಮುರಿದಷ್ಟೇ. ಯಾವ ತಟ್ಟೆಯೆಂದು ನಾವು ಕೇಳಬೇಕಾಗಲಿಲ್ಲ. ಡಾಕ್ಟರು ನೆಲದ ಮೇಲೆ ಕೂತು ಚೂರುಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತಿದ್ದರು, ಮೂಳೆ ಮುರಿದ ಕರುವಿನ ಕಾಲನ್ನು ಹಿಡಿದು ನೋಡುವ ಹಾಗೆ. ಅಕ್ಕ ಬಾಗಿಲಲ್ಲಿ ಬಂದು ನಿಂತರು. ಆಮೇಲೆ ಪಕ್ಕದಲ್ಲಿ ಕೂತು ತಾವೂ ಚೂರುಗಳನ್ನು ಹೆಕ್ಕತೊಡಗಿದರು.

“ಬೊಂಬಾಯಿಗೆ ಬರೆದು ಇನ್ನೊಂದು ತರಿಸಿದ್ರಾಯ್ತು ಸಾರ್” ಎಂದೆ ನಾನು.

“ಎಂತಾಂತ ಬರೆಯುವುದು ಮೇಷ್ಟ್ರೇ? ಹೆಸರಿಲ್ಲ. ಗುನುಗಿ ಕವರಿಗೆ ಹಾಕ್ಲಿಕ್ಕಾಗ್ತದಾ?”

ಅವರು ಹೋದ ಮೇಲೆ ಪಕ್ಕದ ಮನೆಗೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಬಂದರು. ರೇಡಿಯೋ ತಂದರು. ಊರು ಡಾಕ್ಟರನ್ನು ಮರೆಯಿತು, ವಾಲಗವನ್ನು ಮರೆಯಲಿಲ್ಲ.

ಕೆಲವು ವರ್ಷ ಕಳೆದು, ಒಂದು ಬೇಸಿಗೆಯಲ್ಲಿ, ಡಾಕ್ಟರು ಚೀಲ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು. ಬಿಸಿಲಿಗೆ ಕಪ್ಪಾಗಿದ್ದರು, ಕೂದಲು ನರೆತಿತ್ತು. ಕೂರಿ ಎಂದು ನಾನು ಹೇಳುವಷ್ಟೂ ಹೊತ್ತು ಅವರು ಕಾಯಲಿಲ್ಲ.

“ಇಲ್ಲೆಲ್ಲಾದ್ರೂ ಮದುವೆ ಉಂಟಾ ಮೇಷ್ಟ್ರೇ?”

“ಯಾರ್ದು ಸಾರ್?”

“ಯಾರದ್ದಾದ್ರೂ ಆಗ್ತದೆ.”

ಹುದಿಕೇರಿಯಲ್ಲಿ ಒಂದು ಮದುವೆಯಿದೆಯೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದು ನೆನಪಿತ್ತು. ಮನೆಯವರು ಯಾರೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಹೊರಟೇಬಿಟ್ಟರು, ನಾನು ಹಿಂದೆ ಹೋದೆ. ಚಪ್ಪರದ ಅಂಚಿನಲ್ಲಿ, ವಾಲಗದವರ ಬೆನ್ನಿಗೆ ಅಂಟಿಕೊಂಡಂತೆ ಅವರು ನಿಂತರು. ಬೇರೆ ಬೇರೆ ರಾಗಗಳು ಬಂದುಹೋದವು. ಕೊನೆಗೆ ಆ ತಮಟೆ ಬಂತು. ಅದು ಎಷ್ಟೋ ಬದಲಾಗಿತ್ತು. ಕೇಳಿ ಕೇಳಿ, ಕುಣಿದು ಕುಣಿದು, ಮೂಲೆಗಳೆಲ್ಲ ಸವೆದು ನುಣ್ಣಗಾಗಿತ್ತು. ನನಗಂತೂ ಅದೇ ಹೌದೋ ಅಲ್ಲವೋ ಎಂಬ ಅನುಮಾನವಿತ್ತು. ಡಾಕ್ಟರ ಕಣ್ಣು ತುಂಬಿದ್ದರಿಂದ ಅದೇ ಎಂದು ತಿಳಿಯಿತು. ರಾಗ ನಿಂತ ಮೇಲೆ ಅವರು ಮೇಳದವನ ಭುಜ ಮುಟ್ಟಿ, “ಇನ್ನೊಂದು ಸಲ” ಎಂದರು. ಅವನು ಇನ್ನೊಂದು ಸಲ ನುಡಿಸಿದ. ಆಮೇಲೆ ಮತ್ತೊಂದು ಸಲ.

ಪಕ್ಕದಲ್ಲಿದ್ದ ಮನೆಯ ಹಿರಿಯರೊಬ್ಬರು ಇವರ ಆಸಕ್ತಿ ನೋಡಿ ಹೆಮ್ಮೆಯಿಂದ ಹೇಳಿದರು: “ಇದು ನಮ್ಮ ಮುತ್ತಜ್ಜನ ಕಾಲದ ವಾಲಗ. ಈ ನಾಡು ಬಿಟ್ರೆ ಲೋಕದಲ್ಲಿ ಎಲ್ಲಿಯೂ ಇಲ್ಲ.”

ಈಗ ಡಾಕ್ಟರು ಸ್ಫೋಟಿಸುತ್ತಾರೆಂದು ನಾನು ಅವರ ತೋಳು ಹಿಡಿದೆ. ಅವರು ಬಾಯಿ ತೆರೆದರು, ಒಂದು ಉಸಿರು ತೆಗೆದುಕೊಂಡರು, “ಹೌದು, ಎಲ್ಲಿಯೂ ಇಲ್ಲ” ಎಂದು ತಲೆಯಾಡಿಸಿದರು.

ಹಿರಿಯರಿಗೆ ಸಂತೋಷವಾಯಿತು. ಊಟಕ್ಕೆ ಏಳಿಸಬೇಕೆಂದು, “ತಾವು ಯಾರ ಕಡೆಯವರು? ಹುಡುಗನ ಕಡೆಯಾ, ಹುಡುಗಿ ಕಡೆಯಾ?” ಎಂದು ಕೇಳಿದರು.

ಕರೆಯದೆ ಬಂದವರು ನಾವು. ನಾನು ಚಪ್ಪರದ ಬಾಗಿಲ ಕಡೆ ನೋಡಿದೆ. ಡಾಕ್ಟರು ಸ್ವಲ್ಪವೂ ಅಳುಕಲಿಲ್ಲ.

“ವಾಲಗದ ಕಡೆ” ಎಂದರು.

ಹಿರಿಯರು ಅವರ ಕೋಟನ್ನು, ಕನ್ನಡಕವನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ, “ವಾಲಗದವರಿಗೆ ಊಟ ಹಿತ್ತಲಲ್ಲಿ” ಎಂದು ಕೈ ತೋರಿಸಿದರು.

ಡಾಕ್ಟರು ಕೈ ಮುಗಿದು ಹಿತ್ತಲಿಗೆ ನಡೆದರು. ಮೇಳದವರು ಸಾಲಿನಲ್ಲಿ ಸರಿದು ಜಾಗ ಕೊಟ್ಟರು. ಪಂದಿಕರಿ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು, ಬರಿಯ ಅನ್ನ, ಉಪ್ಪಿನಕಾಯಿ, ಮಜ್ಜಿಗೆಯಲ್ಲಿ, ಎಡಕ್ಕೂ ಬಲಕ್ಕೂ ಡೋಲಿನವರೊಡನೆ ಮಾತಾಡುತ್ತ, ಅವರು ಎರಡು ಸಲ ಹಾಕಿಸಿಕೊಂಡು ಊಟ ಮಾಡಿದರು.